ಕಾರಣ ತಿಳಿದಿಲ್ಲ ಎಂದು ಬರೆದವರು

ಮೇಡಂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಲೇಜಿನ ಮೈದಾನವನ್ನು ಎರಡು ಸುತ್ತು ಓಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊದಲ ಸುತ್ತು ಓಡಿದರು, ಎರಡನೆಯದನ್ನು ನಡೆದು ಮುಗಿಸಿದರು ಎಂದರೆ ಸರಿಯಾದೀತು. ಆಗ ಅವರಿಗೆ ಐವತ್ತು ದಾಟಿತ್ತು. ಫೆಬ್ರವರಿಯ ಬೆಳಗು, ಮಂಜು ಇನ್ನೂ ಪೂರ್ತಿ ಸರಿದಿರಲಿಲ್ಲ. ಕಚೇರಿಯ ಕಿಟಕಿಯ ಹತ್ತಿರ ನಾವು ನಾಲ್ಕು ಜನ ಗುಮಾಸ್ತರು ಚಹಾ ಲೋಟ ಹಿಡಿದುಕೊಂಡು ನಗುತ್ತಿದ್ದೆವು. ಅವರು ಏದುಸಿರು ಬಿಡುತ್ತ ನೇರ ನನ್ನ ಮೇಜಿಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. ಕೈಚೀಲದಿಂದ ನೋಟ್‌ಬುಕ್ ತೆಗೆದರು.

"ನೀರು ಕೊಡ್ಲಾ ಮೇಡಂ?" ಎಂದೆ.

"ಇರಿ, ಮರೆತುಹೋಗತ್ತೆ." ಬರೆದುಕೊಂಡ ಮೇಲೆ ತಲೆಯೆತ್ತಿದರು. "ನಂಜಪ್ಪನವರೇ, ಆಚೆ ಗೋಡೆ ಮೇಲೆ ನೀವು ಅಂಟಿಸಿರೋ ನೋಟಿಸ್ ಮೂರು ಸಲ ಓದಿದೆ. ಏನಿದೆ ಅಂತ ತಲೆಗೆ ಹೋಗ್ಲಿಲ್ಲ. ಎರಡು ಸುತ್ತಿಗೆ ಹೀಗೆ. ಈ ಓಟದ ಮಕ್ಕಳು ಐದೂವರೆಯಿಂದ ಎಂಟೂವರೆವರೆಗೂ ಓಡಿ, ಎಂಟೂ ಮುಕ್ಕಾಲಿಗೆ ನನ್ನ ಕ್ಲಾಸಲ್ಲಿ ಕೂತಿರ್ತಾರೆ. ನಿದ್ದೆ ಮಾಡ್ತಾರೆ ಅಂತ ನಾನು ಬೈತಿದ್ದೆ."

ಮುಂದಿನ ವಾರದಿಂದ ಅವರ ಕ್ಲಾಸಿನ ಪರೀಕ್ಷೆ ಮೊದಲ ಪಿರಿಯಡ್ಡಿನಿಂದ ಮೂರನೆಯದಕ್ಕೆ ಹೋಯಿತು. ಜೊತೆಗೆ ಅವರು ದಿನಾ ಒಂದು ಚಿಪ್ಪು ಬಾಳೆಹಣ್ಣು ತಂದು ಮೇಜಿನ ಮೇಲೆ ಇಡತೊಡಗಿದರು. ನಿಮ್ಮದು ತಾಯಿಯ ಮನಸ್ಸು ಎಂದು ಯಾರೋ ಹೊಗಳಿದರಂತೆ. "ತಾಯಿ ಮನಸ್ಸೂ ಇಲ್ಲ, ಏನೂ ಇಲ್ಲ. ತಿಂದ್ರೆ ಮಾರ್ಕ್ಸ್ ಬದಲಾಗತ್ತಾ ನೋಡ್ಬೇಕಿತ್ತು" ಎಂದು ನನ್ನ ಹತ್ತಿರ ಹೇಳಿದರು.

"ಬದಲಾಯ್ತಾ?"

"ಸ್ವಲ್ಪ. ಆದ್ರೆ ಹಣ್ಣಿಂದ ಬದಲಾಯ್ತೋ, ಹೊತ್ತು ಬದಲಾಯಿಸಿದ್ದಕ್ಕೋ ಗೊತ್ತಾಗ್ಲಿಲ್ಲ. ಎರಡನ್ನೂ ಒಟ್ಟಿಗೆ ಮಾಡ್ಬಾರ್ದಿತ್ತು. ನನ್ನ ದಡ್ಡತನ."

ಮೇಡಂ ಈ ಚಳಿಗಾಲದಲ್ಲಿ ತೀರಿಕೊಂಡರು. ದಿಲ್ಲಿಯ ನಮ್ಮ ಕನ್ನಡದವರು ಒಂದು ನೆನಪಿನ ಸಂಚಿಕೆ ತರುತ್ತಿದ್ದಾರೆ. ನೀವು ಅವರ ಕಾಲೇಜಿನ ಆಫೀಸಿನಲ್ಲಿದ್ದವರು, ಮಕ್ಕಳಿಗೆ ಎಷ್ಟು ಸಹಾಯ ಮಾಡುತ್ತಿದ್ದರು ಎಂದು ಎರಡು ಪುಟ ಬರೆದುಕೊಡಿ ಎಂದು ಕೇಳಿದರು. ಸಹಾಯ ಎಂದು ಬರೆದರೆ ಅವರಿಗೇ ಇಷ್ಟವಾಗುತ್ತಿರಲಿಲ್ಲ. ಅಲ್ಲದೆ ಅವರ ಬಗ್ಗೆ ನಿಜ ಬರೆಯಬೇಕಾದರೆ ನನ್ನ ಬಗ್ಗೆಯೂ ಒಂದು ನಿಜವನ್ನು ಬರೆಯಬೇಕಾಗುತ್ತದೆ. ಅವರು ತಮ್ಮ ಜೀವಮಾನದಲ್ಲಿ ಬರೆದ ಒಂದು ವರದಿ ತಪ್ಪಾಯಿತು. ತಪ್ಪಾದದ್ದು ನನ್ನಿಂದ. ಅದರಿಂದ ಓಟದ ಹುಡುಗಿಯೊಬ್ಬಳ ಓದು ನಿಂತಿತು, ಅವಳಂಥವರಿಗೆ ನಮ್ಮ ಕಾಲೇಜಿನ ಬಾಗಿಲು ಅರ್ಧ ಮುಚ್ಚಿತು. ಇದನ್ನು ಬಿಟ್ಟು ಬಾಳೆಹಣ್ಣಿನ ಕಥೆಯನ್ನಷ್ಟೇ ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಮೇಡಂ ಹೆಸರನ್ನು ನಾನು ಬರೆಯುವುದಿಲ್ಲ, ಕಾಲೇಜಿನ ಹೆಸರೂ ಬೇಡ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ತಿಪಟೂರಿನ ಕಡೆಯವನು. ಸೋದರಮಾವ ದಿಲ್ಲಿಯಲ್ಲಿ ಸೆಂಟ್ರಲ್ ಗವರ್ನಮೆಂಟಿನ ಕಚೇರಿಯೊಂದರಲ್ಲಿ ದಫೇದಾರರಾಗಿದ್ದರು. ಅವರು ಕರೆತಂದು ಈ ಕಾಲೇಜಿನಲ್ಲಿ ದಿನಗೂಲಿಗೆ ಸೇರಿಸಿದರು. ಫೈಲು ಹೊರುತ್ತ ಹೊರುತ್ತ ಟೈಪಿಂಗ್ ಕಲಿತು ಗುಮಾಸ್ತನಾದೆ. ಪ್ರವೇಶ ಮತ್ತು ಹಾಜರಿ ಎರಡೂ ನನ್ನ ಮೇಜಿಗೆ ಬಂದವು. ಎಲ್ಲರೂ ನನ್ನನ್ನು ನಂಜಪ್ಪಾಜಿ ಎನ್ನುತ್ತಿದ್ದರು. ನಾನು ಕನ್ನಡದವನು ಎಂದು ಮೇಡಂಗೆ ಗೊತ್ತಾದದ್ದು ಫೋನಿನಿಂದ. ಹುರುಳಿಕಾಳು ನೆನೆಹಾಕಿದೆಯಾ ಎಂದು ಹೆಂಡತಿಯನ್ನು ಕೇಳುತ್ತಿದ್ದೆ. ಬಾಗಿಲಲ್ಲಿ ಹೋಗುತ್ತಿದ್ದವರು ಹಿಂದಕ್ಕೆ ಬಂದರು. ಯಾವ ಊರು, ಏನು ಕಥೆ ಎಂದು ಕೇಳಲಿಲ್ಲ.

"ದಿಲ್ಲೀಲಿ ಹುರುಳಿಕಾಳು ಎಲ್ಲಿ ಸಿಗತ್ತೆ?"

ಅವರು ಅರ್ಥಶಾಸ್ತ್ರ ವಿಭಾಗದಲ್ಲಿದ್ದರು. ಸಂಖ್ಯಾಶಾಸ್ತ್ರದ ಪೇಪರ್ ಪಾಠ ಮಾಡುತ್ತಿದ್ದರು. ಯಾರು ಏನು ಹೇಳಿದರೂ ಕನ್ನಡಕ ತೆಗೆದು ಅದರ ಕಡ್ಡಿಯ ತುದಿಯನ್ನು ಹಲ್ಲಿಗೆ ತಾಗಿಸಿ, "ಇರಬಹುದು. ನೋಡಿದೀರಾ?" ಎನ್ನುತ್ತಿದ್ದರು. ಈ ಮಾತನ್ನು ಪ್ರಿನ್ಸಿಪಾಲರಿಗೂ ಹೇಳುತ್ತಿದ್ದರು, ಗೇಟಿನ ಚಹಾದ ಭಯ್ಯಾನಿಗೂ ಹಿಂದಿಯಲ್ಲಿ ಹೇಳುತ್ತಿದ್ದರು. ಮೋಡವಿದ್ದ ದಿನ ಚಹಾ ಹೆಚ್ಚು ಹೋಗುತ್ತದೆ ಎಂದು ಆತ ಹೇಳಿದ್ದೇ ತಪ್ಪಾಯಿತು. ಒಂದು ತಿಂಗಳು ಅವನಿಂದ ದಿನಾ ಸಂಜೆ ವರದಿ ತೆಗೆದುಕೊಂಡರು. ಕೊನೆಗೆ ಅವನು ಮೇಡಂ ಬರುವುದು ಕಂಡರೆ ಒಲೆಯ ಹಿಂದೆ ಬಗ್ಗಿ ಕೂತುಕೊಳ್ಳುತ್ತಿದ್ದ.

ಮೆತ್ತಗಿನ ಮನುಷ್ಯರಲ್ಲ. ಸುಮನ್ ಎಂಬ ಹುಡುಗಿ ಆಟದ ಕೋಟಾದಲ್ಲಿ ಸೇರಿದಳು. ಹರಿಯಾಣದ ಜಝ್ಜರ್ ಕಡೆಯ ಹಳ್ಳಿಯವಳು, ಎಂಟುನೂರು ಮೀಟರ್ ಓಡುವವಳು. ಮೊದಲ ಪರೀಕ್ಷೆಯಲ್ಲೇ ಮೇಡಂ ಅವಳಿಗೆ ಸೊನ್ನೆ ಕೊಟ್ಟರು. ನಮ್ಮ ಕಾಲೇಜಿನ ಕೋಚ್ ಕಚೇರಿಗೇ ಬಂದ. ಎತ್ತರದ ಹರಿಯಾಣದವನು, ಮಾತಾಡಿದರೆ ಕಿಟಕಿಯ ಗಾಜು ಅದುರುತ್ತಿತ್ತು.

"ಮೇಡಂಜಿ, ಹುಡುಗಿ ನ್ಯಾಷನಲ್ ಆಡಿದಾಳೆ. ಸ್ವಲ್ಪ ನೋಡಿಕೊಳ್ಳಿ."

"ನ್ಯಾಷನಲ್ ಆಡಿದ್ದಕ್ಕೆ ಅವರು ಸರ್ಟಿಫಿಕೇಟ್ ಕೊಟ್ಟಿದಾರಲ್ಲ ಕೋಚ್ ಸಾಬ್. ಸರಾಸರಿ ತೆಗೆಯೋಕೆ ಬರದಿದ್ದಕ್ಕೆ ನಾನು ಸೊನ್ನೆ ಕೊಟ್ಟೆ. ಇಬ್ಬರೂ ನಮ್ಮ ನಮ್ಮ ಕೆಲಸ ಮಾಡಿದೀವಿ."

ಆದರೆ ಮಾರನೆಯ ದಿನ ಸುಮನಳನ್ನು ನನ್ನ ಮೇಜಿನ ಪಕ್ಕದ ಬೆಂಚಿನಲ್ಲೇ ಕೂರಿಸಿಕೊಂಡರು, ಸ್ಟಾಫ್ ರೂಮಿನಲ್ಲಿ ಗಲಾಟೆ ಎಂದು. ಅವಳ ಓಟದ ಡೈರಿ ತರಿಸಿ, ಹದಿನೈದು ದಿನದ ಸಮಯಗಳನ್ನು ಬರೆಸಿ, ಇದರಲ್ಲಿ ನೀನು ಎಂಥ ಓಟಗಾರ್ತಿ ಹೇಳು ಎಂದರು. ಹುಡುಗಿ ತನ್ನ ಒಳ್ಳೆಯ ಸಮಯದ ಮೇಲೆ ಬೆರಳಿಟ್ಟಳು. ಒಂದು ಕ್ಷಣ ಬಿಟ್ಟು ಬೆರಳನ್ನು ತೆಗೆದಳು.

"ಇಲ್ಲ ಮೇಡಂ. ಕೋಚ್ ಸಾಬ್ ಹೇಳ್ತಾರೆ, ಒಳ್ಳೇ ದಿನ ಎಲ್ಲರೂ ಓಡ್ತಾರೆ, ನಿನ್ನ ಕೆಟ್ಟ ದಿನ ಎಷ್ಟು ಕೆಟ್ಟದು ನೋಡ್ಕೋ ಅಂತ."

ಮೇಡಂ ಕನ್ನಡಕದ ಕಡ್ಡಿ ಕಚ್ಚಿಕೊಂಡರು. ಆಮೇಲೆ ಆ ಮಾತನ್ನು ಹಾಗೇ ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡರು. "ನಾನು ಎರಡು ವಾರ ತಗೊಂಡು ಪಾಠ ಮಾಡೋದನ್ನ ಆ ಮನುಷ್ಯ ಒಂದು ಸಾಲಲ್ಲಿ ಹೇಳಿಬಿಟ್ಟಿದಾನಲ್ಲ ನಂಜಪ್ಪನವರೇ" ಎಂದರು ನನಗೆ ಕನ್ನಡದಲ್ಲಿ. ಆ ವರ್ಷದ ಕೊನೆಗೆ ಸುಮನಳಿಗೆ ಆ ಪೇಪರಿನಲ್ಲಿ ಬಂದ ಅಂಕ ಕಟ್‌ಆಫ್ ದಾಟಿ ಬಂದ ಎಷ್ಟೋ ಮಕ್ಕಳಿಗೆ ಬಂದಿರಲಿಲ್ಲ.

ಈಗ ನನ್ನ ವಿಷಯ.

ಆಗ ಹನ್ನೆರಡನೆಯ ತರಗತಿಯ ಅಂಕಗಳ ಮೇಲೇ ಪ್ರವೇಶ. ಕಟ್‌ಆಫ್ ಪಟ್ಟಿಯನ್ನು ಗೇಟಿನ ಪಕ್ಕದ ಗೋಡೆಗೆ ಅಂಟಿಸುತ್ತಿದ್ದವನು ನಾನು. ಸುಮನ್ ಸೇರುವ ಒಂದು ವರ್ಷ ಮೊದಲು ಅದೇ ಪಟ್ಟಿಯಲ್ಲಿ ನನ್ನ ಮಗನಿಗೆ ಸೀಟು ತಪ್ಪಿತು. ಒಂದೇ ಒಂದು ಅಂಕ ಕಡಿಮೆ. ಪಟ್ಟಿ ಅಂಟಿಸುವಾಗ ಅಂಟಿನ ಬ್ರಷ್ ನನ್ನ ಕೈಯಲ್ಲಿತ್ತು, ಅವನು ಹಿಂದೆ ನಿಂತಿದ್ದ. ಬಸ್ ಸ್ಟಾಪಿನ ಕಡೆಗೆ ನಡೆದುಬಿಟ್ಟ. ಅದೇ ವಾರ ಆಟದ ಕೋಟಾದ ಪಟ್ಟಿ ಬಂತು. ಅದರಲ್ಲಿದ್ದವರ ಅಂಕಗಳನ್ನು ಟೈಪ್ ಮಾಡುವಾಗ ನನ್ನ ಬೆರಳು ಉರಿಯಿತು. ನನ್ನ ಮಗನಿಗಿಂತ ಎಷ್ಟೋ ಕೆಳಗಿದ್ದವರು ಒಳಗೆ ಬಂದರು. ನಮ್ಮಂಥವರಿಗೆ ಮೇಲೆ ಬರಲು ಇರುವುದು ಅಂಕ ಒಂದೇ, ಅದನ್ನೂ ಇವರು ಬಿಡಲಿಲ್ಲ ಎಂದುಕೊಂಡೆ.

ನನ್ನ ಮೇಜಿನ ಮೇಲೆ ತಾರೀಖಿನ ಮೊಹರು ಇತ್ತು. ದಿನಕ್ಕೆ, ತಿಂಗಳಿಗೆ, ವರ್ಷಕ್ಕೆ ಒಂದೊಂದು ಪುಟ್ಟ ಗಾಲಿ. ಬೆರಳಲ್ಲಿ ತಿರುಗಿಸಿದರೆ ತಾರೀಖು ಬದಲಾಗುತ್ತದೆ. ಕಾಲೇಜಿನ ಪರವಾಗಿ ಆಟಕ್ಕೋ ಎನ್‌ಸಿಸಿ ಶಿಬಿರಕ್ಕೋ ನಾಟಕಕ್ಕೋ ಹೋದ ವಿದ್ಯಾರ್ಥಿ ವಾಪಸು ಬಂದ ಮೇಲೆ ಸಂಬಂಧಪಟ್ಟವರ ಸಹಿ ಇರುವ ಒಂದು ಚೀಟಿ ತಂದುಕೊಡಬೇಕು. ಆ ದಿನಗಳ ಹಾಜರಿ ಅವನಿಗೆ ಸಿಗುತ್ತದೆ. ಚೀಟಿ ಏಳು ದಿನದೊಳಗೆ ಕಚೇರಿಗೆ ಬಂದಿರಬೇಕು, ಬಂದದ್ದಕ್ಕೆ ನನ್ನ ಮೊಹರೇ ಸಾಕ್ಷಿ. ಬರದಿದ್ದರೆ ಅಷ್ಟೂ ದಿನ ಗೈರುಹಾಜರಿ. ಹಾಜರಿ ಸಾಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ.

ಏಳು ದಿನದೊಳಗೆ ಚೀಟಿಯನ್ನು ಯಾರೂ ತರುತ್ತಿರಲಿಲ್ಲ. ತರಲು ಆಗುತ್ತಲೂ ಇರಲಿಲ್ಲ. ಸಹಿ ಹಾಕುವವರು ಬೇರೆ ಕಡೆ ಇರುತ್ತಾರೆ, ಮಕ್ಕಳು ಒಂದು ಪಂದ್ಯದಿಂದ ಇನ್ನೊಂದಕ್ಕೆ ಹೋಗುತ್ತಾರೆ. ಹಾಗಾಗಿ ನಮ್ಮ ಕಚೇರಿಯಲ್ಲಿ ಹಳೆಯ ರೂಢಿಯೊಂದಿತ್ತು. ಚೀಟಿ ಯಾವಾಗ ಬಂದರೂ ಗಾಲಿಯನ್ನು ಬೇಕಾದಷ್ಟು ಮನೆ ಹಿಂದಕ್ಕೆ ತಿರುಗಿಸಿ ಮೊಹರು ಒತ್ತುವುದು. ನನಗೆ ಕೆಲಸ ಕಲಿಸಿದವರು ಹೇಳಿಕೊಟ್ಟದ್ದೇ ಹಾಗೆ. ಇದನ್ನು ಯಾರೂ ಮೋಸ ಎಂದುಕೊಂಡಿರಲಿಲ್ಲ. ವಿಚಿತ್ರವೆಂದರೆ ಇದು ಮೇಷ್ಟರುಗಳಿಗೆ ಗೊತ್ತಿರಲಿಲ್ಲ. ನಿಯಮ ತಾನಾಗಿ ನಡೆಯುತ್ತಿದೆ ಎಂದುಕೊಂಡಿದ್ದರು.

ಮಗನಿಗೆ ಸೀಟು ತಪ್ಪಿದ ವರ್ಷದಿಂದ ನಾನು ಆಟದ ಮಕ್ಕಳ ಚೀಟಿಗೆ ಗಾಲಿ ತಿರುಗಿಸುವುದನ್ನು ನಿಲ್ಲಿಸಿದೆ. ಉಳಿದವರಿಗೆ ಎಂದಿನಂತೆ ತಿರುಗಿಸುತ್ತಿದ್ದೆ. ಆಟದವರದ್ದಕ್ಕೆ ಬಂದ ದಿನದ ತಾರೀಖು ಒತ್ತಿ, ತೆಗೆದಿಡುತ್ತಿದ್ದೆ. ನಾನು ಸುಳ್ಳು ತಾರೀಖು ಹಾಕಲಿಲ್ಲ, ನಿಜವಾದದ್ದನ್ನೇ ಹಾಕಿದೆ. ಎಷ್ಟೋ ವರ್ಷ ಇದನ್ನೇ ನನಗೆ ನಾನು ಹೇಳಿಕೊಂಡು ಬದುಕಿದೆ. ಕಡಿಮೆ ಆಡುವವರಿಗೆ ಏನೂ ಆಗುತ್ತಿರಲಿಲ್ಲ. ಚೆನ್ನಾಗಿ ಆಡಿ, ದೂರ ಹೋಗಿ, ತಿಂಗಳುಗಟ್ಟಲೆ ಶಿಬಿರದಲ್ಲಿ ಉಳಿದವರೇ ಸಿಕ್ಕಿಬೀಳುತ್ತಿದ್ದರು.

ಸುಮನ್ ಎರಡನೆಯ ವರ್ಷದಲ್ಲಿದ್ದಾಗ ಮೇಷ್ಟರುಗಳ ಸಭೆಯಲ್ಲಿ ಮಾತು ಎದ್ದಿತು. ಆಟದ ಕೋಟಾದಲ್ಲಿ ಬಂದವರು ಓದು ಮುಗಿಸುತ್ತಿಲ್ಲ, ಅವರಿಗೆ ಬೇಕಾದ ಕನಿಷ್ಠ ಅಂಕವನ್ನು ಏರಿಸಬೇಕು ಎಂದು ಕೆಲವರು. ಮೇಡಂ ಅಭ್ಯಾಸದಂತೆ, ಇರಬಹುದು, ನೋಡಿದೀರಾ ಎಂದರಂತೆ. ಹಾಗಾದರೆ ನೀವೇ ನೋಡಿ ಎಂದು ಪ್ರಿನ್ಸಿಪಾಲರು ಕೆಲಸವನ್ನು ಅವರಿಗೇ ಹೊರಿಸಿದರು. ರಜದಲ್ಲಿ ವರದಿ ಕೊಡಬೇಕು.

ಹಳೆಯ ರಿಜಿಸ್ಟರುಗಳು ನನ್ನ ವಶದಲ್ಲಿದ್ದವು. ಜೂನ್ ತಿಂಗಳು, ಹೊರಗೆ ಬಿಸಿಗಾಳಿ. ರೆಕಾರ್ಡ್ ರೂಮಿನಲ್ಲಿ ಒಂದು ಕೂಲರ್ ಇಟ್ಟುಕೊಂಡು ನಾವಿಬ್ಬರೂ ಆರು ವಾರ ಕೂತೆವು. ನಾನು ಹೆಸರು ಓದುವುದು, ಸೇರುವಾಗಿನ ಅಂಕ ಓದುವುದು, ಮುಗಿಸಿದರೋ ಇಲ್ಲವೋ ಹೇಳುವುದು. ಅವರು ಬರೆದುಕೊಳ್ಳುವುದು. ಮಧ್ಯಾಹ್ನ ಅವರ ಡಬ್ಬಿಯ ಚಿತ್ರಾನ್ನ ನನಗೆ, ನನ್ನ ಡಬ್ಬಿಯ ಹುರುಳಿಕಾಳು ಸಾರು ಅವರಿಗೆ. ನಾನು ನಾಚಿಕೆಯಿಂದ ಒಪ್ಪಿಕೊಳ್ಳಬೇಕು, ಆ ಆರು ವಾರ ನನ್ನ ನೌಕರಿಯಲ್ಲೇ ಸಂತೋಷದ ಕಾಲ. "ನಿಮಗೇನನ್ಸತ್ತೆ ನಂಜಪ್ಪನವರೇ?" ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದರು. ಎಸ್ಸೆಸ್ಸೆಲ್ಸಿ ಓದಿದವನನ್ನು ಅಷ್ಟು ವರ್ಷ ಆ ಕಟ್ಟಡದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ.

"ಇಲ್ಲಿ ನೋಡಿ," ಎಂದರು ಒಂದು ದಿನ. "ಸೇರುವಾಗಿನ ಮಾರ್ಕ್ಸಿಗೂ ಮುಗಿಸೋದಕ್ಕೂ ಸಂಬಂಧಾನೇ ಕಾಣ್ತಿಲ್ಲ. ಇವನು ಎಲ್ಲರಿಗಿಂತ ಕೆಳಗಿದ್ದ, ಫಸ್ಟ್ ಕ್ಲಾಸಲ್ಲಿ ಹೋಗಿದಾನೆ. ಇವಳು ಕಟ್‌ಆಫ್ ಹತ್ತಿರಾನೇ ಇದ್ಲು, ನಿಂತುಹೋಗಿದಾಳೆ. ನಿಂತೋರೆಲ್ಲ ಯಾರು ಗೊತ್ತಾ? ತುಂಬಾ ಚೆನ್ನಾಗಿ ಆಡೋರು. ಯಾಕಿರಬಹುದು?"

"ಸುಸ್ತಾಗತ್ತೇನೋ ಮೇಡಂ."

"ಇರಬಹುದು." ಕನ್ನಡಕ ಹಲ್ಲಿಗೆ ಹೋಯಿತು. "ಆದ್ರೆ ಅದೂ ಮೂರು ವರ್ಷದಿಂದ ಈಚೆಗೆ. ಅದಕ್ಕೆ ಮೊದಲು ಚೆನ್ನಾಗಿ ಆಡೋರೂ ಮುಗಿಸಿದಾರೆ. ಮೂರು ವರ್ಷದ ಹಿಂದೆ ಮಕ್ಕಳಿಗೆ ಇದ್ದಕ್ಕಿದ್ದಂಗೆ ಸುಸ್ತು ಶುರುವಾಯ್ತಾ?"

ನಾನು ರಿಜಿಸ್ಟರಿನ ಹಾಳೆ ಮಗುಚಿದೆ.

ಸುಮನ್ ಹಿಂದಿನ ಸೆಮಿಸ್ಟರಿನಲ್ಲಿ ಹಾಜರಿ ಸಾಲದೆ ಪರೀಕ್ಷೆಗೆ ಕೂತಿರಲಿಲ್ಲ. ಮೇಡಂ ಅವಳನ್ನು ಊರಿನಿಂದ ಕರೆಸಿ ಕೇಳಿದರು. ಚೀಟಿಗಳನ್ನೆಲ್ಲ ಅಂಕಲ್‌ಜಿ ಕೈಗೆ ಕೊಟ್ಟಿದ್ದೇನೆ, ಬೇರೆಯವರು ಕೊಡುವ ಹಾಗೇ ಕೊಟ್ಟಿದ್ದೇನೆ ಎಂದಳು. ಅಂಕಲ್‌ಜಿ ಎಂದರೆ ನಾನು. ನನ್ನ ಮುಂದೆಯೇ ಹೇಳಿದಳು, ದೂರು ಹೇಳುವ ದನಿಯಲ್ಲಲ್ಲ. ಅಪ್ಪ ಓದು ಬಿಡಿಸುವ ಮಾತಾಡುತ್ತಿದ್ದಾರೆ, ಈ ಪರೀಕ್ಷೆಗೆ ಒಂದು ಅವಕಾಶ ಕೊಡಿಸಿ ಎಂದು ಕೇಳಿಕೊಂಡಳು. ಅವಳು ಹೋದ ಮೇಲೆ ಮೇಡಂ ಚೀಟಿಗಳ ಕಟ್ಟನ್ನು ತರಿಸಿಕೊಂಡು ಮೊಹರುಗಳನ್ನು ಒಂದೊಂದಾಗಿ ನೋಡಿದರು. ಆಟದವರದ್ದು ಎಲ್ಲವೂ ತಡ. ಎನ್‌ಸಿಸಿಯವರದ್ದು, ನಾಟಕದವರದ್ದು ಎಲ್ಲವೂ ಹೊತ್ತಿಗೆ ಸರಿಯಾಗಿ.

"ಅದೇ ನಿಯಮ, ಅದೇ ಮೇಜು. ಅವರಿಗೆ ಆಗೋದು ಇವರಿಗೆ ಯಾಕೆ ಆಗಲ್ಲ? ಮೂರು ವರ್ಷದ ಹಿಂದೆ ಏನಾಯ್ತು ನಂಜಪ್ಪನವರೇ?"

ಅವರ ಮುಖದಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಇದ್ದದ್ದು ತಿಳಿದುಕೊಳ್ಳುವ ಆಸೆ. ಅಲ್ಲೇ ಹೇಳಿಬಿಟ್ಟಿದ್ದರೆ ಸುಮನಳ ವರ್ಷ ಉಳಿಯುತ್ತಿತ್ತು. ನನಗೆ ನೌಕರಿಯ ಭಯಕ್ಕಿಂತ ಹೆಚ್ಚಾಗಿ ಇನ್ನೊಂದು ಭಯ ಬಂತು, ನಾಳೆಯಿಂದ ಇವರು ನಿಮಗೇನನ್ನಿಸುತ್ತದೆ ಎಂದು ನನ್ನನ್ನು ಕೇಳುವುದಿಲ್ಲ ಎಂದು.

"ಆ ವರ್ಷ ಹೊಸ ಕೋಚ್ ಬಂದ್ರಲ್ಲ ಮೇಡಂ" ಎಂದೆ.

ಅದೂ ನಿಜವೇ. ಕೋಚ್ ಬಂದದ್ದು ಅದೇ ವರ್ಷ.

"ಅಚ್ಛಾ" ಎಂದರು ಮೇಡಂ. ನಿಧಾನವಾಗಿ ಬರೆದುಕೊಂಡರು.

ಆದರೂ ಅವರಿಗೆ ಸಮಾಧಾನವಾಗಲಿಲ್ಲ. ಕೋಚನ್ನು ಕರೆಸಿದಾಗ ಆತ, ಚೀಟಿ ನನ್ನ ಕೈಗೆ ಬಂದ ದಿನವೇ ಮಕ್ಕಳಿಗೆ ಕೊಡುತ್ತೇನೆ ಎಂದು ಆಣೆಯಿಟ್ಟ. ಮೇಡಂ ವರದಿಯಲ್ಲಿ ತಾವು ಕಂಡದ್ದನ್ನು ಕಂಡಂತೆ ಬರೆದರು. ಸೇರುವಾಗಿನ ಅಂಕದಿಂದ ಯಾರು ಓದು ಮುಗಿಸುತ್ತಾರೆ ಎಂದು ಹೇಳಲಾಗುವುದಿಲ್ಲ; ನಿಂತವರು ನಿಂತದ್ದು ಹಾಜರಿಯಿಂದ; ಬೇರೆ ಮಕ್ಕಳು ಹೊತ್ತಿಗೆ ತರುವ ಚೀಟಿಯನ್ನು ಇವರು ತರುತ್ತಿಲ್ಲ. ಅದರ ಮುಂದೆ ಒಂದೇ ಸಾಲು: ಕಾರಣ ತಿಳಿದಿಲ್ಲ. ಟೈಪ್ ಮಾಡಿದವನು ನಾನು.

ಕಾರಣ ತಿಳಿಯದ ಜಾಗದಲ್ಲಿ ಸಭೆಯವರು ತಮಗೆ ಬೇಕಾದ ಕಾರಣ ತುಂಬಿಕೊಂಡರು. ಒಂದು ಚೀಟಿಯನ್ನೂ ಹೊತ್ತಿಗೆ ತರಲಾಗದವರು ಏನು ಓದುತ್ತಾರೆ, ಅಂಕ ಏರಿಸಿದರೆ ಶಿಸ್ತಿರುವವರು ಬರುತ್ತಾರೆ ಎಂದರು. ಕನಿಷ್ಠ ಅಂಕ ಏರಿತು. ಚೀಟಿಗೆ ಒಂದು ತಿಂಗಳ ಸಮಯ ಕೊಡಿ ಎಂದು ಮೇಡಂ ಕೇಳಿಕೊಂಡದ್ದನ್ನು ಬಿಟ್ಟುಬಿಟ್ಟರು. ಕೋಚ್‌ಗೆ ಎಚ್ಚರಿಕೆಯ ಪತ್ರ ಹೋಯಿತು. ಸುಮನಳಿಗೆ ಅವಕಾಶ ಸಿಗಲಿಲ್ಲ. ಟಿ.ಸಿ. ಪಡೆಯಲು ಅಪ್ಪನ ಜೊತೆ ಬಂದವಳು ನನಗೆ ನಮಸ್ಕಾರ ಹೇಳಿ ಹೋದಳು. ಅವಳ ಚೀಟಿಗಳು ನನ್ನ ಮೇಜಿನ ಡ್ರಾಯರಿನಲ್ಲೇ ಇದ್ದವು. ಅಂದಿನಿಂದ ನಾನು ಎಲ್ಲರ ಚೀಟಿಗೂ ಮತ್ತೆ ಗಾಲಿ ತಿರುಗಿಸತೊಡಗಿದೆ. ಆದರೆ ಅವಳಂಥವರು ಬರುವುದೇ ಕಡಿಮೆಯಾಗಿತ್ತು.

ನಾವಿಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ನಿವೃತ್ತರಾದೆವು. ಮೇಡಂ ಮತ್ತು ಅವರ ಯಜಮಾನರು ಇಂದಿರಾ‍ಪುರಂನ ಒಂದು ಎತ್ತರದ ಸೊಸೈಟಿಯಲ್ಲಿದ್ದರು. ನಾನು ಮಗನ ಜೊತೆ ಅಲ್ಲಿಂದ ಎರಡು ಸ್ಟಾಪ್ ಆಚೆ. ಮಗ ಅಂಚೆ ಮೂಲಕ ಬಿ.ಕಾಂ. ಮಾಡಿ, ವಿಮಾನದ ಸರಕು ಸಾಗಿಸುವ ಕಂಪನಿಯಲ್ಲಿ ಚೆನ್ನಾಗಿಯೇ ಇದ್ದಾನೆ. ಆ ಸೀಟಿನ ವಿಷಯವನ್ನು ಅವನು ಎಂದೋ ಮರೆತಿದ್ದಾನೆ. ನಾನು ತಿಂಗಳಿಗೊಮ್ಮೆ ಮೇಡಂ ಮನೆಗೆ ಹೋಗುತ್ತಿದ್ದೆ. ಪ್ರತಿ ಸಲವೂ ಯಾವುದಾದರೂ ಒಂದು ಮಾತಿನ ನಡುವೆ, "ಚೀಟಿಗಳ ಆ ಒಂದು ಕಾಲಂ ಇನ್ನೂ ಕೂತ್ಕೊಳ್ತಿಲ್ಲ ನೋಡಿ" ಎನ್ನುತ್ತಿದ್ದರು. ಬೇರೆ ಯಾವ ಕೆಲಸದ ನೆನಪೂ ಅವರನ್ನು ಅಷ್ಟು ಕಾಡಿದ್ದು ನಾನು ಕಾಣೆ.

ಹೋದ ಮಳೆಗಾಲದಲ್ಲಿ ಅವರ ಆರೋಗ್ಯ ಕೆಟ್ಟಿತು. ಬಾಲ್ಕನಿಯ ಪಕ್ಕ ಮಂಚ ಹಾಕಿಸಿಕೊಂಡಿದ್ದರು. ಕೆಳಗೆ ಪಾರ್ಕಿನಲ್ಲಿ ಸಂಜೆ ನಡೆಯುವವರು ಯಾಕೆ ಎಲ್ಲರೂ ಒಂದೇ ದಿಕ್ಕಿಗೆ ಸುತ್ತುತ್ತಾರೆ ಎಂದು ಯೋಚಿಸುತ್ತ ಮಲಗಿದ್ದರು. ಯಜಮಾನರು ಕಾಫಿ ಕೊಟ್ಟು ಒಳಗೆ ಹೋದರು. ಮೇಡಂ ಮತ್ತೆ ಆ ಕಾಲಂ ಎಂದರು. ನನಗೆ ತಡೆದುಕೊಳ್ಳಲಾಗಲಿಲ್ಲ.

"ನಾನು ಚೀಟಿ ಬಂದ ದಿನದ ತಾರೀಖೇ ಒತ್ತಿದ್ದೆ ಮೇಡಂ" ಎಂದೆ.

"ಮತ್ತೆ? ಹಾಗೇ ತಾನೇ ಒತ್ತೋದು?"

"ಇಲ್ಲ ಮೇಡಂ. ಉಳಿದೋರಿಗೆಲ್ಲ ಹಿಂದಕ್ಕೆ ತಿರುಗಿಸಿ ಒತ್ತುತ್ತಿದ್ದೆ. ಆಟದವರಿಗೆ ಮಾತ್ರ..."

ಅವರು ಕನ್ನಡಕ ತೆಗೆದರು. "ಎನ್‌ಸಿಸಿಯವರೂ ತಡವಾಗೇ ತರ್ತಿದ್ರಾ?"

"ಎಲ್ಲರೂ."

"ಎಷ್ಟು ವರ್ಷ ಮಾಡಿದ್ರಿ?"

ಹೇಳಿದೆ. ಹಳೆಯ ನೋಟ್‌ಬುಕ್ಕನ್ನು ಅಲಮಾರಿನಿಂದ ತೆಗೆಸಿದರು. ಹೆಸರುಗಳನ್ನು ಓದುತ್ತ ಹೋದರು, ಯಾರ ಚೀಟಿ ಎಂದು ನಾನು ಹೇಳುತ್ತ ಹೋದೆ. ನನಗೆ ಒಂದು ಹೆಸರೂ ಮರೆತಿರಲಿಲ್ಲ. ಅವರು ಪ್ರತಿ ಹೆಸರಿನ ಮುಂದೆ ಗುರುತು ಹಾಕಿದರು. ಕೊನೆಯ ಗುರುತು ಹಾಕಿ, "ಕೂತ್ಕೊಳ್ತು" ಎಂದರು. ಆ ಕ್ಷಣ ಅವರ ಮುಖ ಅರಳಿತು. ನಾನು ಮಾಡಿದ ಹೀನ ಕೆಲಸವನ್ನು ಕೇಳಿ ಮೊದಲು ಅವರಿಗಾದದ್ದು ಸಂತೋಷ. ಇಷ್ಟು ವರ್ಷ ಸಿಗದಿದ್ದದ್ದು ಸಿಕ್ಕ ಸಂತೋಷ. ನನ್ನನ್ನು ಹೊಡೆದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಆಮೇಲೆ ಆ ಸಂತೋಷ ಆರಿಹೋಯಿತು. ನೋಟ್‌ಬುಕ್ಕನ್ನು ಮುಚ್ಚಿದರು.

"ಆ ಹುಡುಗಿ ನನ್ನೆದುರು ನಿಂತು, ಬೇರೆಯವರು ಕೊಡೋ ಹಾಗೇ ಕೊಟ್ಟಿದೀನಿ ಅಂದ್ಲು. ಅವಳ ಮಾತು ಬಿಟ್ಟು ನಾನು ಮೊಹರು ನಂಬಿದೆ. ಎಲ್ಲರಿಗೂ ನೋಡಿದೀರಾ ನೋಡಿದೀರಾ ಅಂತ ಕೇಳ್ತಿದ್ದೋಳು, ಒಂದು ದಿನ ನಿಮ್ಮ ಮೇಜಿನ ಪಕ್ಕ ಕೂತು ನೋಡ್ಲಿಲ್ಲ."

"ಕ್ಷಮಿಸಿಬಿಡಿ ಮೇಡಂ."

"ನನ್ನ ಹತ್ರ ಕ್ಷಮೆ ಕೇಳೋದು ಸುಲಭ ನಂಜಪ್ಪನವರೇ. ಅವಳ ಹತ್ರ ಹೋಗಿ."

ಯಾಕೆ ಮಾಡಿದಿರಿ ಎಂದು ಮಾತ್ರ ಕೇಳಲಿಲ್ಲ. ಪ್ರಪಂಚದಲ್ಲಿ ಎಲ್ಲದಕ್ಕೂ ಯಾಕೆ ಎನ್ನುತ್ತಿದ್ದವರು ನನಗೆ ಅದನ್ನು ಕೇಳದೆ ಬಿಟ್ಟರು. ಕಾಲೇಜಿಗೆ, ತಮ್ಮ ಹಳೆಯ ವರದಿ ತಪ್ಪು ಎಂದು ಎರಡು ಪುಟ ಬರೆದು ಕಳಿಸಿದರೆಂದು ಯಜಮಾನರು ಆಮೇಲೆ ಹೇಳಿದರು. ಈಗ ಪ್ರವೇಶದ ರೀತಿಯೇ ಬೇರೆ, ಉತ್ತರ ಬರಲಿಲ್ಲವಂತೆ.

ಸುಮನಳ ಹತ್ತಿರ ಹೋಗಲು ನನಗೆ ಧೈರ್ಯ ಸಾಲಲಿಲ್ಲ. ಇವತ್ತು ಚಳಿ, ಇವತ್ತು ಹೊಗೆ, ಇವತ್ತು ಮಂಡಿನೋವು ಎಂದು ತಿಂಗಳುಗಳನ್ನು ಕಳೆದೆ. ಜನವರಿಯಲ್ಲಿ ಮೇಡಂ ಹೋದರು. ಹನ್ನೊಂದನೆಯ ದಿನ ಯಜಮಾನರು ಒಂದು ಚೀಟಿ ಕೈಗಿಟ್ಟರು. ಮೇಡಂ ಕೈಬರಹದಲ್ಲಿ ಸುಮನ್ ಕೆಲಸ ಮಾಡುವ ಶಾಲೆಯ ವಿಳಾಸ, ಅಷ್ಟೇ.

ಗುರುಗ್ರಾಮದ ಕೊನೆಯ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದು, ಶೇರ್ ಆಟೋ ಹಿಡಿದು ಹೋದೆ. ದೊಡ್ಡ ಖಾಸಗಿ ಶಾಲೆ. ಮೈದಾನದಲ್ಲಿ ಹದಿನೈದು ಹುಡುಗಿಯರು ಕಾಲು ಚಾಚಿ ಬಗ್ಗುತ್ತಿದ್ದರು. ಸುಮನ್ ದಪ್ಪಗಾಗಿದ್ದಳು, ಆದರೆ ನಿಲ್ಲುವ ರೀತಿ ಬದಲಾಗಿರಲಿಲ್ಲ. ಡಿಗ್ರಿ ಇಲ್ಲದ್ದರಿಂದ ಅವಳು ಅಲ್ಲಿ ಟೀಚರ್ ಅಲ್ಲ, ವರ್ಷ ವರ್ಷಕ್ಕೆ ಒಪ್ಪಂದದ ಮೇಲಿರುವ ಕೋಚ್. ನನ್ನನ್ನು ನೋಡಿದ ಕೂಡಲೇ ಗುರುತಿಸಿದಳು. ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟಳು.

"ಅಚ್ಛಾ, ನೀವಾ ಅಂಕಲ್‌ಜಿ" ಎಂದಳು. "ಮೇಡಂ ಫೋನ್ ಮಾಡಿದ್ರು, ಮಳೆಗಾಲದಲ್ಲಿ. ನೀನು ನಿಜ ಹೇಳಿದ್ದೆ, ನಾನು ತಪ್ಪು ಬರೆದೆ ಅಂತ ಕ್ಷಮೆ ಕೇಳಿದ್ರು. ಯಾರು ಮಾಡಿದ್ದು ಅಂತ ಹೇಳ್ಲಿಲ್ಲ. ಒಬ್ಬರು ಬರಬಹುದು, ಬಂದ್ರೆ ಅವರೇ ಹೇಳ್ತಾರೆ, ಕಾಯ್ಕೊಂಡು ಕೂರ್ಬೇಡ ಅಂದ್ರು. ನಾನು ಕಾಯ್ಲಿಲ್ಲ."

ನಾನು ಎಲ್ಲವನ್ನೂ ಹೇಳಿದೆ. ಮೊಹರು, ಗಾಲಿ, ಮಗ, ಒಂದು ಅಂಕ. ಅವಳು ಹುಡುಗಿಯರ ಕಡೆ ನೋಡುತ್ತಲೇ ಕೇಳಿಸಿಕೊಂಡಳು.

"ಈ ಹುಡುಗೀರು ಕಾಲೇಜ್ ಅಂದಾಗೆಲ್ಲ ನಾನು ಏನು ಹೇಳ್ತೀನಿ ಗೊತ್ತಾ? ಸರ್ಟಿಫಿಕೇಟ್ ತಗೊಂಡು ಪೊಲೀಸ್ ಕೆಲಸ ನೋಡ್ಕೊಳ್ಳಿ, ಓಟಾನೂ ಓದೂ ಎರಡೂ ನಮ್ಮಂಥೋರಿಗೆ ಆಗಲ್ಲ, ನಾನೇ ನೋಡಿದೀನಿ ಅಂತ. ಎಂಟು ವರ್ಷದಿಂದ ಹೇಳ್ತಿದೀನಿ."

ಅವಳು ನನ್ನ ಕಡೆ ತಿರುಗಿದಳು.

"ಒಂದು ಹೇಳಿ ಅಂಕಲ್‌ಜಿ. ಆ ವರ್ಷ ಆಟದವರು ಯಾರೂ ಸೇರದೇ ಇದ್ದಿದ್ರೆ, ಆ ಸೀಟು ನಿಮ್ಮ ಮಗನಿಗೆ ಸಿಗ್ತಿತ್ತಾ?"

ಇದನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಆಟದ ಕೋಟಾದ ಸೀಟುಗಳು ಇರುವ ಸೀಟುಗಳಲ್ಲಿ ಕಡಿದು ಕೊಡುವಂಥವಲ್ಲ, ಅವುಗಳ ಮೇಲೆ ಹೆಚ್ಚಿಗೆ ಕೊಡುವಂಥವು. ಆಟದವರು ಬರದಿದ್ದರೆ ಖಾಲಿ ಉಳಿಯುತ್ತವೆ, ಬೇರೆಯವರಿಗೆ ಕೊಡುವಂತಿಲ್ಲ. ಪ್ರವೇಶದ ಸೂಚನೆಯಲ್ಲಿ ಪ್ರತಿ ವರ್ಷ ಆ ಸಾಲನ್ನು ಟೈಪ್ ಮಾಡುತ್ತಿದ್ದವನು ನಾನು. ಆ ವರ್ಷವೂ ಮಾಡಿದ್ದೆ.

"ಸಿಗ್ತಿರಲಿಲ್ಲ" ಎಂದೆ.

"ಆಗಲೇ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಬೈಯಲಿಲ್ಲ. ಕತ್ತಿನಲ್ಲಿದ್ದ ಸೀಟಿಯನ್ನು ಊದಿ, ಕೈಸನ್ನೆ ಮಾಡಿ ಹುಡುಗಿಯರನ್ನು ನೆರಳಿಗೆ ಕರೆದು ಕೂರಿಸಿದಳು.

"ಬನ್ನಿ ಅಂಕಲ್‌ಜಿ. ಇವರಿಗೆ ಹೇಳಿ. ನಾನು ಓದು ಬಿಟ್ಟಿದ್ದು ಯಾಕೆ ಅಂತ ನಾನು ಹೇಳಿದ್ರೆ ಈಗ ಇವರು ನಂಬಲ್ಲ."

ನಾನು ಮಂಡಿ ಹಿಡಿದುಕೊಂಡು ಎದ್ದೆ. ಹದಿನೈದು ಮುಖಗಳು ನನ್ನ ಕಡೆ ತಿರುಗಿದವು. ನನಗೆ ಬರುವ ಹಿಂದಿಯಲ್ಲಿ, ನಿಮ್ಮ ಕೋಚ್ ಓದಿನಲ್ಲಿ ತುಂಬಾ ಜಾಣೆಯಾಗಿದ್ದಳು ಎಂದು ಶುರು ಮಾಡಿದೆ.